ಮೊದಲ ಬಾಂಡ್ಲಿ

ಜಾವಗಲ್‌ನಲ್ಲಿ ಮಧ್ಯಾಹ್ನ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ನಡುಮನೆಯಲ್ಲಿ ನಾಲ್ಕು ಜನ ಕೂತಿದ್ದೆವು. ನನ್ನ ಮುಂದೆ ಒಂದು ಅರ್ಜಿ. ಬದುವಿನ ಜಗಳದಲ್ಲಿ ನನ್ನ ಗಂಡ ಚೈತನ್ಯನನ್ನು ಕಡಿದವನಿಗೆ ಕೋರ್ಟು ಜೀವಾವಧಿ ಕೊಟ್ಟಿತ್ತು. ಗಲ್ಲೇ ಆಗಬೇಕು, ಮೇಲಿನ ಕೋರ್ಟಿಗೆ ಹೋಗೋಣ, ಮೊದಲ ಸಹಿ ನಿಮ್ಮದಿರಲಿ ಎಂದು ಮೈದುನ ಬಸವಕುಮಾರ್ ಬರೆಸಿ ತಂದಿದ್ದ. ಚೈತನ್ಯ ಹೋಗಿ ಮೂರು ವರ್ಷ. ನನಗೆ ಅಳುವೂ ಬರುತ್ತಿರಲಿಲ್ಲ, ಸಿಟ್ಟೂ ಬರುತ್ತಿರಲಿಲ್ಲ. ಪೆನ್ನು ಎತ್ತಿಕೊಂಡೆ.

ಅತ್ತೆ ಕೆಂಪಲಕ್ಷ್ಮಮ್ಮನ ಚಿಕ್ಕಪ್ಪ ಪುಟ್ಟಯ್ಯಜ್ಜ ಜೈಲು ವಾರ್ಡರ್ ಆಗಿ ರಿಟೈರ್ ಆದವರು. ಗೋಡೆಗೊರಗಿ ಕೂತಲ್ಲಿಂದಲೇ ಮಾತು ತೆಗೆದರು.

"ತಡಿಯವ್ವ, ಒಂದು ಕತೆ ಐತೆ, ಕೇಳಿ ಹಾಕು… ನಲವತ್ತು ವರ್ಷದ ಮ್ಯಾಲಾಯ್ತು. ನೇಣು ಹಾಕೋ ಮುಂಚೆ ಏನ್ ಮಾಡ್ತಾರೆ ಗೊತ್ತಾ? ಮನುಷ್ಯನ್ನ ತೂಗ್ತಾರೆ. ಅವನ ಒಂದೂವರೆ ಪಟ್ಟು ತೂಕದ ಮರಳು ಚೀಲಕ್ಕೆ ತುಂಬಿ, ಅದೇ ಹಗ್ಗಕ್ಕೆ ಕಟ್ಟಿ, ಕೆಳಗೆ ಬಿಟ್ಟು ನೋಡ್ತಾರೆ… ಹಗ್ಗ ತಡೀತದಾ ಅಂತ. ಆ ಮರಳು ತುಂಬೋ ಕೆಲ್ಸ ನಂದು. ಆ ಮನುಷ್ಯ ಹುಲಿಕೆರೆ ಕಡೆಯೋನು, ದಾಯಾದಿನ ಕೊಂದಿದ್ದ. ಸುಳ್ಳಲ್ಲ, ಕೊಂದಿದ್ದ. ಒಳಗೆ ಬಂದ ಮ್ಯಾಲೆ ಅಕ್ಷರ ಕಲ್ತು ನೋಟ್‌ಬುಕ್ಕಲ್ಲಿ ದಿನಾ ಬರೀತಿದ್ದ, ಇವತ್ತು ಕಾಗೆ ಬಂತು, ಇವತ್ತು ಬರ್ಲಿಲ್ಲ ಅಂತ… ನಂಗೇ ಓದಿ ಹೇಳೋನು.

"ಅವನ ಕೋಣೆ ಕಿಟಕಿ ಕೆಳಗೇ ಮರಳು ರಾಶಿ. ನಮ್ಮಲ್ಲಿ ರಾಗಿ ಅಳೆಯುವಾಗ ಮೊದಲನೇದನ್ನ ಒಂದು ಅಂತೀವಾ? ಲಾಭ ಅಂತೀವಿ. ಕಣದಲ್ಲಿ ಬೆಳೆದ ಬಾಯಿ ಸುಮ್ಕಿರ್ತದಾ? ಮೊದಲನೇ ಬಾಂಡ್ಲಿ ಮರಳು ಹುಯ್ದು, 'ಲಾಭ' ಅಂದ್ಬಿಟ್ಟೆ, ಗಟ್ಟಿಯಾಗಿ! ಮ್ಯಾಲಿಂದ ಕೇಳ್ದ, ಕೋಪ ಇಲ್ಲ, ನಗೂ ಇಲ್ಲ… 'ಯಾರಿಗಣ್ಣ?'

"ನಾನು ಎರಡನೇ ಬಾಂಡ್ಲಿ ತುಂಬ್ದೆ. ಮಾರನೇ ಬೆಳಿಗ್ಗೆ ನೇಣಿಗೆ ಹಾಕಿದ್ರು. ಇವನು ಕೊಂದಿದ್ನಲ್ಲ, ಆ ದಾಯಾದಿ ಹೆಂಡ್ತಿ ಗೇಟ್ ತಾವ ನಿಂತಿದ್ಲು. ಆಯ್ತು ಹೋಗವ್ವ ಅಂದೆ. 'ಆಯ್ತಾ?' ಅಂದ್ಲು… ಮಧ್ಯಾಹ್ನದ ತಂಕ ಅಲ್ಲೇ ನಿಂತಿದ್ಲು. ನಾನು ರಜ ಹಾಕಿ ಊರಿಗೆ ಬಂದೆ. ಕಣದಲ್ಲಿ ನಮ್ಮಪ್ಪ ಮೊದಲನೇ ಕೊಳಗ ಎತ್ತಿ ಲಾಭ ಅಂತು… ನನ್ ಬೆನ್ನ ಹಿಂದೆ, ಮೆತ್ತಗೆ, 'ಯಾರಿಗಣ್ಣ?' ತಿರುಗಿದೆ. ಯಾರೂ ಇಲ್ಲ. ಆವತ್ತಿಂದ ಯಾರ ಮನೇಲಿ ಅಳೆದ್ರೂ…"

"ಜೈಲಿನ ಬಿಟ್ಟಿ ಮುದ್ದೆ ತಿಂದು ತಿಂದು ಕಿವಿ ಕೆಟ್ಟೈತೆ ಅಜ್ಜ ನಿಂಗೆ," ಬಸವಕುಮಾರ್ ನಕ್ಕ.

ಅತ್ತೆ ನಗಲಿಲ್ಲ. "ನನ್ ಮಗ ವಾಪಸ್ ಬರಲ್ಲ ಅಂತ ನಂಗೂ ಗೊತ್ತು. ಹಾಕವ್ವ ಸಹಿ."

ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

"ಈ ಮುದುಕನ ಕತೆಗೆ ಹೆದರ್ಕೊಂಡ್ಯಾ?" ಅತ್ತೆ ಕೇಳಿದರು.

"ಕತೆಗೆ ಹೆದರೋಳಲ್ಲ ಬಿಡು ಅವ್ಳು," ಎಂದರು ಅಜ್ಜ. "ಬೆಳಿಗ್ಗೆ ಮಿಲ್ಲಿಗೆ ಕಳ್ಸೋಕೆ ರಾಗಿ ಅಳೆದ್ಯಲ್ಲ ಕೆಂಪಲಕ್ಷ್ಮಿ… ಮೊದಲನೇ ಸೇರಿಗೆ ಲಾಭ ಅಂದ್ಯಲ್ಲ… ಆಗ ಹಿಂದಕ್ಕೆ ತಿರುಗಿ ನೋಡಿದ್ದು ನಾನೊಬ್ನೇ ಅಲ್ಲ, ಅವ್ಳೂ ನೋಡಿದ್ಲು."