ನಡುವಿನ ಖಾಲಿ ಕುರ್ಚಿಗಳು

ಅಧ್ಯಕ್ಷತೆ ವಹಿಸಿರುವ ಕುಲಪತಿಗಳೇ, ವೇದಿಕೆಯ ಮೇಲಿರುವ ಗಣ್ಯರೇ, ಎಡಗಡೆ ಕುಳಿತಿರುವ ಹಳೇ ಹಾಸ್ಟೆಲ್ಲಿನವರೇ, ಬಲಗಡೆಯ ಹೊಸ ಹಾಸ್ಟೆಲ್ಲಿನವರೇ, ನಡುವೆ ಖಾಲಿ ಉಳಿದಿರುವ ಕುರ್ಚಿಗಳೇ,

ಈ ಗ್ರಂಥಪಾಲಕಿಯ ಬೀಳ್ಕೊಡುಗೆಗೂ ನೀವು ಬೇರೆ ಬೇರೆಯಾಗಿಯೇ ಕುಳಿತಿದ್ದೀರಿ. ತಪ್ಪೆನ್ನಲಾರೆ. ನಿಮ್ಮ ವಯಸ್ಸಿನಲ್ಲಿ ನಾನೂ ಎಡಗಡೆಯೇ ಕೂರುತ್ತಿದ್ದೆ.

ನನ್ನ ಕಾಲದಲ್ಲಿ ಒಂದು ಪುಸ್ತಕವೂ ಕಳೆದಿಲ್ಲವೆಂದು ಅಧ್ಯಕ್ಷರು ಹೊಗಳಿದರು. ಏಕೆ ಕಳೆದಿಲ್ಲ ಗೊತ್ತೇ? ಪುಸ್ತಕ ಅಡಗಿಸುವ ಜಾಗಗಳೆಲ್ಲ ನನಗೆ ಗೊತ್ತು.

ನಾನೂ ನನ್ನ ಚಿಕ್ಕಪ್ಪನ ಮಗಳೂ ಒಂದೇ ಟ್ರಂಕಿನಲ್ಲಿ ಬಟ್ಟೆ ತುಂಬಿಕೊಂಡು ಇಲ್ಲಿಗೆ ಓದಲು ಬಂದವರು. ವಾರ್ಡನ್ನರ ಪಟ್ಟಿಯಲ್ಲಿ ನನಗೆ ಹಳೇ ಹಾಸ್ಟೆಲ್ ಬಂತು, ಅವಳಿಗೆ ಹೊಸದು. ಟ್ರಂಕು ಯಾರಿಗೆ ಎಂದು ಮೆಟ್ಟಿಲ ಮೇಲೆ ನಿಂತು ನಕ್ಕಿದ್ದೆವು. ಎರಡೇ ತಿಂಗಳಲ್ಲಿ, ನಾನು ‘ನಾವು’ ಎಂದರೆ ಅದರಲ್ಲಿ ಅವಳಿರಲಿಲ್ಲ.

ಹೆಚ್ಚು ಅಂಕ ಗಳಿಸಿದ ಹಾಸ್ಟೆಲ್ಲಿಗೆ ಹಿತ್ತಾಳೆಯ ಫಲಕವೊಂದನ್ನು ಕೊಡುತ್ತಿದ್ದರು. ಅದಕ್ಕಾಗಿ, ಪರೀಕ್ಷೆಗೆ ಮೂರು ವಾರವಿರುವಾಗ, ಗ್ರಂಥಾಲಯದಲ್ಲಿ ಒಂದೇ ಪ್ರತಿಯಿದ್ದ ಸಂಖ್ಯಾಶಾಸ್ತ್ರದ ಪುಸ್ತಕವನ್ನು ಅಲ್ಲೇ ಹಳೆಯ ವರದಿಗಳ ಹಿಂದೆ ಅಡಗಿಸಿಟ್ಟೆ. ನಮ್ಮವರಿಗೆ ಮಾತ್ರ ಜಾಗ ಹೇಳಿದೆ. ಅವಳು ಬಂದು ಕೇಳಿದಳು, “ಅಕ್ಕ, ಆ ಪುಸ್ತಕ ಎಲ್ಲಾದ್ರೂ ನೋಡಿದ್ಯಾ?”

“ನಿಮ್ಮವರೇ ಯಾರೋ ಇಟ್ಕೊಂಡಿರ್ಬೇಕು, ಕೇಳು” ಅಂದೆ.

ಪಾಪ, ಕೋಣೆ ಕೋಣೆಗೂ ಹೋಗಿ ಕೇಳಿದಳಂತೆ. ಆ ಪರೀಕ್ಷೆಯಲ್ಲಿ ಫೇಲಾದಳು, ಊರಿಗೆ ಹೋದವಳು ಮತ್ತೆ ಓದಲು ಬರಲಿಲ್ಲ. ಫಲಕ ನಮ್ಮದಾಯಿತು. ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಹೊತ್ತವರಲ್ಲಿ ಆಮೇಲೆ ನನಗೊಂದು ಕಾಗದ ಬರೆದವರೂ ಇಲ್ಲ. ಫಲಕ ಮಾತ್ರ ಇದೆ. ಉಗ್ರಾಣದ ಬಾಗಿಲು ಗಾಳಿಗೆ ಬಡಿಯದಂತೆ ಅದನ್ನೇ ಒತ್ತಾಗಿ ಇಟ್ಟಿದ್ದೇನೆ, ಒಳ್ಳೆಯ ತೂಕವಿದೆ.

ಇಲ್ಲೇ ಕೆಲಸಕ್ಕೆ ಸೇರಿದ ಮೇಲೆ ಮೂವತ್ತಾರು ವರ್ಷ, ಪ್ರತಿ ಪರೀಕ್ಷೆಗೂ ಮುಂಚೆ, ಆ ವರದಿಗಳ ಹಿಂದೆ ಕೈ ಹಾಕಿ ನೋಡಿದ್ದೇನೆ. ಅದನ್ನು ನೀವು ನಿಷ್ಠೆ ಎಂದಿರಿ.

ಕಳೆದ ವಾರ ಧೈರ್ಯ ಮಾಡಿ ಅವಳಿಗೆ ಫೋನು ಮಾಡಿದೆ. ಪುಸ್ತಕ ಅಡಗಿಸಿದವಳು ನಾನೇ ಎಂದು ಹೇಳಿದೆ, ಸಮಾರಂಭಕ್ಕೆ ಬಾ ಎಂದೆ. ಕೋಪವೇನೂ ಇಲ್ಲದೆ, “ಇರ್ಲಿ ಬಿಡಕ್ಕ. ಅಲ್ಲಿ ನಾನ್ಯಾಕೆ? ನಿಮ್ಮವರೆಲ್ಲ ಇರ್ತಾರಲ್ಲ” ಅಂದಳು.

ನನ್ನವರು. ಬಂದಾಗಿನಿಂದ ಈ ಸಭೆಯ ಮೇಲೆ ಮೂರು ಸಲ ಕಣ್ಣಾಡಿಸಿ ನೋಡಿದೆ. ಸಭಿಕರೇ, ನನಗೆ ಬಹಳ ಒಂಟಿಯೆನಿಸುತ್ತಿದೆ.

ನಡುವಿನ ಕುರ್ಚಿಗಳಲ್ಲಿ ಮೊದಲ ಸಾಲಿನದನ್ನು ಅವಳಿಗೆಂದು ಹಾಕಿಸಿದ್ದೆ. ಈಗ ಕೆಳಗಿಳಿದು ನಾನೇ ಅಲ್ಲಿ ಕೂರುತ್ತೇನೆ. ಯಾವ ಕಡೆಯವರಾದರೂ ಸರಿ, ಒಬ್ಬರು ಎದ್ದು ಬಂದು ಪಕ್ಕದಲ್ಲಿ ಕೂತರೆ ದೊಡ್ಡ ಉಪಕಾರ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ, ಎಲ್ಲರಿಗೂ ಕೃತಜ್ಞಳು. ನಮಸ್ಕಾರ.