ಹತ್ತರಲ್ಲಿ ಒಬ್ಬ

"ಹಲೋ... ಹಲೋ, ಯಾರು ಮಾತಾಡ್ತಿರೋದು? ... ಹಾಂ, ಗಣಿ ದುರಂತದಲ್ಲಿ ತೀರಿಕೊಂಡ್ರಲ್ಲ, ಆ ಮೇಸ್ತ್ರಿಯವರ ಹೆಂಡತಿಯವರಾ? ... ನಾನು ಪತ್ರಿಕೆ ಆಫೀಸಿಂದ. ನೀವು ಒಂದು ಕಾಗದ ಬರೆದಿದ್ರಿ, ಅಲ್ವಾ? ‘ನಾಲ್ವರು ಸತ್ತರು ಅಂತ ಎಣಿಸಿದ್ದು ಯಾರು’ ಅಂತ..."

ಆ ಕಾಗದವನ್ನು ಉಪಸಂಪಾದಕ ನಾಲ್ಕು ದಿನ ಮೇಜಿನ ಖಾನೆಯಲ್ಲಿ ಅಡಗಿಸಿಟ್ಟಿದ್ದ. ಈಗ ಬಾಯಿಗೆ ಕೈ ಅಡ್ಡ ಹಿಡಿದು, ಗೋಡೆ ಕಡೆ ತಿರುಗಿ, ಪಿಸುಮಾತಿನಲ್ಲಿ ಮಾತಾಡುತ್ತಿದ್ದ.

"ಎಣಿಸಿದ್ದು... ನಾನೇ."

...

"ಇಲ್ಲ, ಇಲ್ಲ. ಸುದ್ದಿ ಏಜೆನ್ಸಿಯವರ ತಪ್ಪು ಅಂತ ಏಳನೇ ಪುಟದಲ್ಲಿ ತಿದ್ದುಪಡಿ ಹಾಕಿದ್ವಲ್ಲ, ಅದೂ ಸುಳ್ಳು. ಅದನ್ನ ಬರೆದೋನೂ ನಾನೇ..."

"ಹೇಗೆ ಅಂದ್ರೆ... ಸುದ್ದಿ ಇಂಗ್ಲಿಷಲ್ಲಿ ಬಂದಿತ್ತು. ನಲವತ್ತು ಜನರ ಪಾಳಿ ಡೆಸಿಮೇಟ್ ಆಗಿದೆ ಅಂತ. ... ಡೆ-ಸಿ-ಮೇಟ್. ಹಾಂ. ನಾಶ ಆಗೋದು. ಬಹುಪಾಲು ಹೋಯ್ತು ಅನ್ನೋ ಅರ್ಥದಲ್ಲೇ ಈಗ ಎಲ್ಲರೂ ಬಳಸೋದು. ... ಗೊತ್ತಿತ್ತು. ಅದೇ ನಾಚಿಕೆ."

"ಅದರ ಹುಟ್ಟು ಬೇರೆ. ... ಹೇಳಲೇಬೇಕಾ? ... ಹಿಂದೆ ರೋಮಿನ ಸೈನ್ಯದಲ್ಲಿ ಒಂದು ತುಕಡಿ ಹೆದರಿ ಓಡಿದ್ರೆ, ಹತ್ತತ್ತು ಜನರನ್ನ ನಿಲ್ಲಿಸಿ ಚೀಟಿ ಎತ್ತಿಸೋರು. ಯಾರ ಪಾಲಿಗೆ ಬಂತೋ ಅವನನ್ನ ಕೊಲ್ಲೋದು. ಅವರ ಭಾಷೇಲಿ ಡೆಕೆಮ್ ಅಂದ್ರೆ ಹತ್ತು. ಡಿಸೆಂಬರಲ್ಲಿ ಇರೋದೂ ಅದೇ, ಆಗ ಅದು ಹತ್ತನೇ ತಿಂಗಳು. ಹತ್ತರಲ್ಲಿ ಒಬ್ಬ, ಅದಕ್ಕೇ ಆ ಪದ."

"ಕೊಲ್ತಿದ್ದೋರಾ? ... ಉಳಿದ ಒಂಬತ್ತು ಜನಾನೇ. ಜೊತೇಲಿ ಉಂಡು ಮಲಗಿದೋರೇ. ದೊಣ್ಣೇಲಿ..."

"ಹೌದು. ಅದೇ ಲೆಕ್ಕದಲ್ಲಿ ನಲವತ್ತರಲ್ಲಿ ನಾಲ್ಕು ಅಂತ ಬರೆದೆ. ನಮ್ಮ ಸುದ್ದಿಮನೆ ಮುಖ್ಯರು ಕೇಳಿದ್ರು, ‘ನಾಲ್ಕೇನಾ? ಗಣಿಗೆ ಫೋನ್ ಮಾಡಿ ವಿಚಾರಿಸ್ರೀ’ ಅಂತ. ನಾನು ಎಲ್ಲರೆದುರು ಆ ಪದದ ಜಾತಕ ಬಿಚ್ಚಿ ಪಾಠ ಹೇಳ್ದೆ. ಇಲ್ಲಿ ನನಗೆ ನಿಘಂಟು ಅಂತ ಅಡ್ಡಹೆಸರು. ಆ ಜಂಬ ತಲೆಗೇರಿತ್ತು. ಅವರು ಒಪ್ಪಿಬಿಟ್ರು, ನಾನು ಫೋನ್ ಮಾಡ್ಲಿಲ್ಲ."

ಸತ್ತಿದ್ದು ಮೂವತ್ತೊಂದು ಜನ. ಒಂದು ಫೋನ್ ಮಾಡಿದ್ದರೆ ಅವತ್ತೇ ತಿಳಿಯುತ್ತಿತ್ತು.

"ಏನಂದ್ರಿ? ಜೀಪಾ? ... ಮೈದುನ ಜೀಪು ತಂದಿದ್ರಾ, ಗಣಿಗೆ ಹೋಗೋಣ ಅಂತ? ... ಪೇಪರ್ ನೋಡಿ ನೀವೇ ಬೇಡ ಅಂದ್ರಾ? ... ನಾಲ್ಕೇ ಜನ ತಾನೆ ಸತ್ತಿರೋದು, ಯಜಮಾನ್ರು ತಾವೇ ಬರ್ತಾರೆ ಅಂತ..."

"ಅವರು ಆಸ್ಪತ್ರೇಲಿ ಎರಡು ದಿನ ಬದುಕಿದ್ರಾ? ... ಮಾತಾಡ್ತಿದ್ರಾ? ... ನಿಮ್ಮನ್ನ ಕೇಳ್ತಿದ್ರಾ..."

ಉಪಸಂಪಾದಕ ಅಂಗಿಯ ಮೇಲಿನ ಗುಂಡಿ ಬಿಚ್ಚಿದ. ಎದುರು ಮೇಜಿನವನು ಏನಾಯ್ತು ಎಂದು ಹುಬ್ಬು ಹಾರಿಸಿದರೆ, ಏನಿಲ್ಲ ಎಂದು ಕೈಯಾಡಿಸಿದ.

"ಇಲ್ಲ... ಇದ್ದೀನಿ, ಫೋನ್ ಇಟ್ಟಿಲ್ಲ. ಕ್ಷಮಿಸಿ ಅನ್ನೋಕೂ ಬಾಯಿ ಬರ್ತಿಲ್ಲ. ... ಅತ್ತೆ? ಅತ್ತೆ ಏನಂತಾರೆ? ... ನನ್ನ ಮಗನನ್ನ ಒಂಟಿಯಾಗಿ ಸಾಯೋಕೆ ಬಿಟ್ಟೆ ಅಂತಾನಾ? ... ಹದಿನೈದು ದಿನದಿಂದ ನಿಮ್ಮ ಹತ್ರ ಮಾತೇ ಇಲ್ವಾ? ... ಹೇಳ್ತೀನಿ. ನಾನೇ ಹೇಳ್ತೀನಿ. ಕೊಡಿ ಅವರಿಗೆ."

"ಅಮ್ಮಾ, ನಮಸ್ಕಾರ. ಪತ್ರಿಕೆ ಆಫೀಸಿಂದ... ಪತ್ರಿಕೆ... ಕೇಳಿಸ್ತಿಲ್ವಾ?"

ಮುದುಕಿಗೆ ಕಿವಿ ಮಂದ. ಪಿಸುಮಾತು ಅಲ್ಲಿಗೆ ಮುಟ್ಟುವಂತಿರಲಿಲ್ಲ. ಸುದ್ದಿಮನೆಯಲ್ಲಿ ಹದಿನೈದು ಜನ ಕೂತಿದ್ದರು. ಅವನು ಎದ್ದು ನಿಂತ. ಬಾಯಿಂದ ಕೈ ತೆಗೆದ.

"ಅಮ್ಮಾ! ನಾಲ್ಕು ಅಂತ ಬರೆದೋನು ನಾನು! ... ನಾನು! ... ಸುಳ್ಳು ಸುದ್ದಿ! ನಿಮ್ಮ ಸೊಸೆ ಅದನ್ನ ನಂಬಿ ಜೀಪು ಹತ್ತಲಿಲ್ಲ!"

ಟಕಟಕ ಅನ್ನುತ್ತಿದ್ದ ಕೀಲಿಮಣೆಗಳೆಲ್ಲ ನಿಂತವು. ಮುಖ್ಯರು ಕನ್ನಡಕ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದರು. ಅವನ ಕಿವಿ ಕೆಂಡದಂತೆ ಕಾದಿತ್ತು.

"ಏಜೆನ್ಸಿಯೋರಲ್ಲಮ್ಮಾ! ಅದೂ ನಾನು ಹೇಳಿದ ಸುಳ್ಳು! ತಪ್ಪು ನನ್ನದು, ನಿಮ್ಮ ಸೊಸೇದಲ್ಲ! ... ಅಲ್ಲ! ಅವರದೇನೂ ತಪ್ಪಿಲ್ಲ! ..."

...

"ಅಮ್ಮಾ? ... ಹಾಂ? ಊಟಾನಾ? ... ಇಲ್ಲಮ್ಮಾ, ನಾನಿನ್ನೂ... ಓ. ... ನನ್ನನ್ನಲ್ಲ. ... ಸೊಸೇನ ಕೇಳ್ತಿದ್ದೀರಾ. ... ಕೇಳಿ ಅಮ್ಮಾ, ಕೇಳಿ. ನಾನು ಫೋನ್ ಇಡ್ತೀ..."