ಜೋಡು ಎಂದರೇನು?

ನ್ಯಾಯಾಲಯದ ಪಡಸಾಲೆಯ ಬೆಂಚಿನ ಮೇಲೆ, ಅಂಗಡಿಯ ಹೆಸರಿಗಾಗಿ ವ್ಯಾಜ್ಯಕ್ಕಿಳಿದ ಇಬ್ಬರು ವಾರಗಿತ್ತಿಯರ ನಡುವೆ, ತನ್ನ ಸರದಿಗೆ ಕಾದಿದ್ದ ಬಡಗಿಯೊಬ್ಬ ಸಿಕ್ಕಿಹಾಕಿಕೊಂಡಿದ್ದ. ಜಾಗ ಬಿಡಲು ಎದ್ದರೆ ಇಬ್ಬರೂ ಒಂದೇ ಉಸಿರಿಗೆ “ಕೂತ್ಕೊಳ್ಳಿ!” ಎಂದು ಗದರಿದರು. ಅವನೀಗ ಗೋಡೆಯಾಗಿದ್ದ, ಗೋಡೆಗೂ ಕಿವಿಯಿರುತ್ತದೆ.

“ನನ್ನ ಚಪ್ಪಲಿ ಅಂಗಡಿ ‘ಜೋಡು’. ಅದರ ಎದುರಿಗೇ ‘ಹೊಸ ಜೋಡು’ ಅಂತ ಬೋರ್ಡು ಹಾಕೋಕೆ ನಿನಗೆ ಮನಸ್ಸಾದರೂ ಹೇಗೆ ಬಂತೇ?” ಎಂದಳು ಹಿರಿಯಳು.

“ನಿನ್ನಂಗಡೀಲೇ ಗಿರಾಕಿಗಳ ಕಾಲಿನ ಅಳತೆ ತಗೊಂಡು ತಗೊಂಡು ಸೊಂಟ ಬಗ್ಗಿದೆ, ಅಕ್ಕ. ಬೇರೆ ಹೆಸರು ಬಾಯಿಗೇ ಬರಲಿಲ್ಲ.”

“ಇವತ್ತು ನಾನು ಸಾಕ್ಷಿ ಹೇಳಿದ್ರೆ ನಿನ್ನ ಬೋರ್ಡು ಇಳೀತು ಅಂದ್ಕೋ.”

“ಜೋಡು ಅಂದ್ರೆ ಏನು ಅಂತ ಕೇಳ್ತಾರಂತೆ. ಚಪ್ಪಲಿ ಅಂತೀಯಾ?”

“ಹಾಗಂದ್ರೆ ಕೇಸೇ ಬಿದ್ದುಹೋಗುತ್ತಂತೆ. ಎಲ್ಲರೂ ಆಡೋ ಮಾತು ಒಬ್ಬರ ಸ್ವತ್ತಾಗಲ್ಲ ಅಂದ್ರು ವಕೀಲರು.”

“ಮತ್ತೇನಂತೀಯ?”

ಹಿರಿಯಳು ಕಾಲಿನ ಚಪ್ಪಲಿಗಳನ್ನು ಒಂದರ ಪಕ್ಕ ಒಂದು ಸರಿಸಿಕೊಂಡಳು. ಬಡಗಿ ಕಿವಿ ನಿಮಿರಿಸಿದ.

“ನಾವಿಬ್ಬರು ಅಂತ. ಅದಕ್ಕೇ ಆ ಹೆಸರಿಟ್ಟಿದ್ದು.”

“ನನಗೆ ಯಾವತ್ತೂ ಹೇಳಲೇ ಇಲ್ಲವಲ್ಲ!”

“ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ.”

ಬಾಗಿಲಲ್ಲಿ ಜವಾನ ಇಬ್ಬರನ್ನೂ ಕೂಗಿದ.

“ಅದನ್ನೇ ಹೇಳು, ಅಕ್ಕ. ನನ್ನ ಬೋರ್ಡು ನಾನೇ ಇಳಿಸ್ತೀನಿ,” ಎಂದಳು ಕಿರಿಯಳು.

“ಅದನ್ನ ಹೇಳಿದ್ರೆ ಅರ್ಧ ಹೆಸರು ನಿನ್ನದಾಗುತ್ತಲ್ಲೇ, ಪೆದ್ದಿ!” ಹಿರಿಯಳು ಸೆರಗು ಕೊಡವಿ ಎದ್ದಳು. “ನಡಿ ಒಳಗೆ. ಅದನ್ನೇ ಹೇಳ್ತೀನಿ, ನೀನೂ ಕೇಳಿಸ್ಕೋ.”